ಏಳೂವರೆ ನಿಮಿಷದ ಆಚೆ ಈಚೆ

ಮೆಸ್ಸರ್‌ಷ್ಮಿಟ್ ಮಿ 163 ಕೋಮೆಟ್ ವಿಮಾನದ ಟ್ಯಾಂಕಿನಲ್ಲಿ ಇದ್ದದ್ದು ಪೆಟ್ರೋಲಲ್ಲ, ಸೀಮೆಎಣ್ಣೆಯೂ ಅಲ್ಲ. ಪೈಲಟ್ಟಿನ ಬೆನ್ನ ಹಿಂದೆ 1,040 ಲೀಟರಿನ ಒಂದು ಟ್ಯಾಂಕು, ಅವನ ಎಡಕ್ಕೊಂದು ಬಲಕ್ಕೊಂದು 60 ಲೀಟರಿನ ಚಿಕ್ಕವು. ಮೂರರಲ್ಲೂ ಶೇಕಡ 80ರ ಹೈಡ್ರೋಜನ್ ಪೆರಾಕ್ಸೈಡ್. ಜರ್ಮನರು ಅದನ್ನು ಟಿ-ಸ್ಟೋಫ್ ಎಂದು ಕರೆಯುತ್ತಿದ್ದರು. ರೆಕ್ಕೆಗಳ ಒಳಗೆ ಸಿ-ಸ್ಟೋಫ್: ಮೆಥನಾಲ್ ಶೇಕಡ 57, ಹೈಡ್ರಜೀನ್ ಹೈಡ್ರೇಟ್ ಶೇಕಡ 30, ಉಳಿದದ್ದು ನೀರು, ಜೊತೆಗೆ ಚಿಟಿಕೆಯಷ್ಟು ತಾಮ್ರದ ಲವಣ. ಇವೆರಡೂ ಕೂಡಿದರೆ ಕಿಡಿ ಬೇಕಿಲ್ಲ, ಮುಟ್ಟಿದ ಕ್ಷಣಕ್ಕೇ ಹೊತ್ತಿಕೊಳ್ಳುತ್ತವೆ. ಎಂಜಿನ್ನಿನ ಒಳಗಾದರೆ ಅದು ಸುಮಾರು 1,700 ಕಿಲೋ ನೂಕುಬಲ. ಎಂಜಿನ್ನಿನ ಹೊರಗೆ, ಬಕೆಟ್ಟಿನಲ್ಲೋ ರನ್‌ವೇ ಪಕ್ಕದ ಕಾಂಕ್ರೀಟಿನ ಮೇಲೋ ಆದರೆ, ಸುತ್ತ ನಿಂತವರ ಸಾವು.

ನಾನು ಶಿವಮೊಗ್ಗದವಳು. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಲ್ಯಾಬಿನ ಕಪಾಟಿನಲ್ಲಿ ಶೇಕಡ 30ರ ಪೆರಾಕ್ಸೈಡಿನ ಬಾಟಲಿ ಇರುತ್ತಿತ್ತು; ಒಂದು ಹನಿ ಬೆರಳಿಗೆ ತಾಗಿದರೆ ಸಾಕು, ಆ ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಚುರುಗುಟ್ಟುತ್ತಿತ್ತು. ಹಾಗೆ ಸುಟ್ಟು ನಲ್ಲಿಗೆ ಹಿಡಿದು ತೊಳೆದ ಬೆರಳುಗಳಿವು. ಶೇಕಡ 80 ಎಂದರೆ ಕತೆಯೇ ಬೇರೆ. ಹತ್ತಿಬಟ್ಟೆ, ಮರದ ಪುಡಿ, ಎಣ್ಣೆ ಒರೆಸಿದ ಚಿಂದಿ, ಚರ್ಮ, ಸಾವಯವವಾದದ್ದು ಏನೇ ಸಿಗಲಿ, ಅದಕ್ಕೆ ತಾನೇ ಬೆಂಕಿ ಹಚ್ಚಬಲ್ಲದು. ಅಂಥ ದ್ರವವನ್ನು ತೊಡೆಯ ಎರಡೂ ಬದಿಗೆ ಇಟ್ಟುಕೊಂಡು ಇಪ್ಪತ್ತರ ಹರೆಯದ ಹುಡುಗರು ಆಕಾಶಕ್ಕೆ ಹೋದರು ಎಂದು ತಿಳಿದ ದಿನದಿಂದ ಈ ವಿಮಾನ ನನ್ನ ತಲೆಯಿಂದ ಇಳಿದಿಲ್ಲ.

ತಿಳಿದದ್ದು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟದಿಂದ, ಅಂದರೆ ಸಿಮ್ಯುಲೇಟರಿನಿಂದಲೇ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ರಜೆಗೆ ಬಂದಾಗ ಜಾಯ್‌ಸ್ಟಿಕ್, ಕಾಲಿಗೆ ಪೆಡಲ್ ಎಲ್ಲ ತಂದು ನಮ್ಮನೆ ಕಂಪ್ಯೂಟರಿಗೆ ಜೋಡಿಸಿದ. "ದೊಡ್ಡಮ್ಮ, ನಿಮ್ಮ ಕೆಮಿಸ್ಟ್ರಿ ವಿಮಾನ ಇಲ್ಲಿದೆ ನೋಡಿ" ಅಂತ ಕೋಮೆಟ್ಟಿನ ಸೀಟಿನಲ್ಲಿ ಕೂರಿಸಿದ. ನಾನು ಅವತ್ತಿನಿಂದ ಹಾರುತ್ತಲೇ ಇದ್ದೇನೆ, ಓದುತ್ತಲೂ ಇದ್ದೇನೆ. ಹಾಗಾಗಿ ಮುಂದೆ ಹೇಳುವ ನನ್ನ ತಕರಾರಿಗೆ ಆಟದ ಮೇಲಿನ ಅಸಡ್ಡೆ ಕಾರಣವಲ್ಲ. ಈ ಆಟಗಳನ್ನು ಕಟ್ಟಿದವರು ಗಾಳಿಯಲ್ಲಿನ ಕೋಮೆಟ್ಟನ್ನು ತುಂಬ ಶ್ರದ್ಧೆಯಿಂದ ಕಟ್ಟಿದ್ದಾರೆ. ಆದರೆ ಆ ವಿಮಾನದ ಚರಿತ್ರೆ ಗಾಳಿಯಲ್ಲಿ ಇದ್ದದ್ದು ಕಡಿಮೆ. ಎಂಜಿನ್ ಉರಿಯುತ್ತಿದ್ದದ್ದು ಹೆಚ್ಚೆಂದರೆ ಏಳೂವರೆ ನಿಮಿಷ. ಉಳಿದದ್ದೆಲ್ಲ ಅದಕ್ಕೆ ಮೊದಲು ಮತ್ತು ಅದಾದ ಮೇಲೆ ನೆಲದ ಮೇಲೆ, ಇಲ್ಲವೇ ನೆಲಕ್ಕೆ ತೀರ ಹತ್ತಿರದಲ್ಲಿ ನಡೆದದ್ದು.

ಕೋಮೆಟ್ಟಿನ ಹುಟ್ಟಿಗೆ ಎರಡು ಊರುಗಳು, ಎರಡು ತಲೆಗಳು. ಅಲೆಕ್ಸಾಂಡರ್ ಲಿಪ್ಪಿಷ್ ಬಾಲವಿಲ್ಲದ ಗ್ಲೈಡರುಗಳ ಹಿಂದೆ ಬಿದ್ದಿದ್ದ ಮನುಷ್ಯ. 1928ರಲ್ಲೇ ರೋನ್ ಬೆಟ್ಟಸಾಲಿನ ವಾಸರ್‌ಕುಪ್ಪೆಯಲ್ಲಿ ಅವನ ಒಂದು ಗ್ಲೈಡರಿಗೆ ಮದ್ದಿನ ರಾಕೆಟ್ ಕಟ್ಟಿ ಫ್ರಿಟ್ಸ್ ಷ್ಟಾಮರ್ ಹಾರಿದ್ದ. 1939ರ ಜನವರಿಯಲ್ಲಿ ಲಿಪ್ಪಿಷ್ ತನ್ನ ತಂಡದ ಜೊತೆ ಆಗ್ಸ್‌ಬರ್ಗಿನ ಮೆಸ್ಸರ್‌ಷ್ಮಿಟ್ ಕಾರ್ಖಾನೆಗೆ ಬಂದ. ಎಂಜಿನ್ ಕೊಟ್ಟವನು ಕೀಲ್ ಬಂದರಿನ ಹೆಲ್ಮುಟ್ ವಾಲ್ಟರ್. ಪೆರಾಕ್ಸೈಡನ್ನು ಒಡೆದರೆ ಉಗಿ, ಆಮ್ಲಜನಕ, ಶಾಖ ಮೂರೂ ಒಟ್ಟಿಗೆ ಬರುತ್ತವೆ ಎಂಬ ಒಂದೇ ಸಂಗತಿಯ ಮೇಲೆ ಬದುಕು ಕಟ್ಟಿದವನು. 1941ರ ಅಕ್ಟೋಬರ್ 2ರಂದು ಪೀನೆಮುಂಡೆಯಲ್ಲಿ ಪರೀಕ್ಷಾ ಪೈಲಟ್ ಹೈನಿ ಡಿಟ್‌ಮಾರ್ ಮೊದಲ ಮಾದರಿಯ ವಿಮಾನವನ್ನು ಇನ್ನೊಂದು ವಿಮಾನಕ್ಕೆ ಹಗ್ಗ ಕಟ್ಟಿಸಿ 4,000 ಮೀಟರಿಗೆ ಎಳೆಸಿಕೊಂಡು ಹೋಗಿ, ಅಲ್ಲಿ ಹಗ್ಗ ಬಿಡಿಸಿ ರಾಕೆಟ್ ಹೊತ್ತಿಸಿದ. ಗಂಟೆಗೆ 1,004 ಕಿಲೋಮೀಟರ್. ಆಗಿನ ಅಧಿಕೃತ ವಿಶ್ವದಾಖಲೆ 755. ಆ ವೇಗದಲ್ಲಿ ವಿಮಾನ ಮೂಗು ಕೆಳಗೆ ಮಾಡಿ ನುಗ್ಗಿತು. ಡಿಟ್‌ಮಾರ್ ಎಂಜಿನ್ ಆರಿಸಿ ಹೇಗೋ ಮೇಲೆತ್ತಿದ. ದಾಖಲೆ ಗುಟ್ಟಾಗಿಯೇ ಉಳಿಯಿತು.

ಶಬ್ದದ ವೇಗದ ಶೇಕಡ 84ರ ಆಸುಪಾಸಿನಲ್ಲಿ ಮೂಗು ತಾನಾಗಿ ಕೆಳಗೆ ಬೀಳುವ ಈ ಗುಣವನ್ನು ಸಿಮ್ಯುಲೇಟರುಗಳು ತೋರಿಸುತ್ತವೆ. ನಾನು ಮೊದಲ ಸಲ ಅದನ್ನು ಅನುಭವಿಸಿದಾಗ ಡಿಟ್‌ಮಾರನ ಮೇಲೆ ಗೌರವ ಹೆಚ್ಚಿತು. 1991ರಲ್ಲಿ ಲ್ಯೂಕಸ್‌ಫಿಲ್ಮ್ ಗೇಮ್ಸ್‌ನ ಲಾರೆನ್ಸ್ ಹಾಲೆಂಡ್ 'ಸೀಕ್ರೆಟ್ ವೆಪನ್ಸ್ ಆಫ್ ದ ಲುಫ್ಟ್‌ವಾಫೆ' ಮಾಡಿದಾಗ ಕಂಪ್ಯೂಟರಿಗೆ ಇಷ್ಟು ಶಕ್ತಿ ಇರಲಿಲ್ಲ. ಆದರೆ ಆ ಡಬ್ಬಿಯ ಜೊತೆ ಪುಸ್ತಕದಷ್ಟು ದಪ್ಪದ ಕೈಪಿಡಿ ಬರುತ್ತಿತ್ತು, ಚರಿತ್ರೆ ಅದರಲ್ಲಿತ್ತು. ಪರದೆಯ ಮೇಲೆ ತೋರಿಸಲಾಗದ್ದನ್ನು ಕಾಗದದ ಮೇಲೆ ಹೇಳಿದ ಆ ತಲೆಮಾರಿನ ಪದ್ಧತಿ ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. 2001ರಲ್ಲಿ ರಷ್ಯಾದ ಒಲೆಗ್ ಮ್ಯಾಡಾಕ್ಸ್ ತಂಡದ 'ಐಎಲ್-2 ಸ್ಟರ್ಮೊವಿಕ್' ಬಂತು. 2006ರ '1946' ಆವೃತ್ತಿಯ ಹೊತ್ತಿಗೆ ಕೋಮೆಟ್, ರಷ್ಯಾದ ಬಿಐ-1, ಜಪಾನಿನ ಓಕಾ ಮೂರೂ ಅದರಲ್ಲಿದ್ದವು. ಆಮೇಲೆ 'ವಾರ್ ಥಂಡರ್'. ರೆಕ್ಕೆಯ ಮೇಲಿನ ಗಾಳಿಯ ಲೆಕ್ಕ ವರ್ಷದಿಂದ ವರ್ಷಕ್ಕೆ ಸೂಕ್ಷ್ಮವಾಯಿತು, ಕೈಪಿಡಿ ತೆಳುವಾಯಿತು.

ಆ ಐಎಲ್-2ರ ಕಷ್ಟದ ಮಟ್ಟ ಆರಿಸುವ ಪುಟದಲ್ಲಿ ಸಾಲಾಗಿ ಸ್ವಿಚ್ಚುಗಳಿವೆ. ಇಂಧನಕ್ಕೆ ಮಿತಿ ಇರಬೇಕೋ ಬೇಡವೋ ಎಂಬುದು ಒಂದು ಸ್ವಿಚ್ಚು. ನೆಲದಿಂದ ಏರುವುದು, ನೆಲಕ್ಕೆ ಇಳಿಯುವುದು ಆಟದಲ್ಲಿ ಬೇಕೋ ಬೇಡವೋ ಎಂಬುದು ಇನ್ನೊಂದು. ಬೇರೆ ವಿಮಾನಗಳಿಗೆ ಅದು ಹೊಸಬರಿಗೆ ಕೊಡುವ ರಿಯಾಯಿತಿ, ಒಪ್ಪುತ್ತೇನೆ. ಕೋಮೆಟ್ಟಿನಲ್ಲಿ ಅವೆರಡನ್ನೂ ಬಂದ್ ಮಾಡಿದರೆ ಆ ವಿಮಾನದ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ.

ಏರುವುದನ್ನೇ ತೆಗೆದುಕೊಳ್ಳಿ. ಮೊದಲು ಟಿ-ಸ್ಟೋಫ್ ಟ್ಯಾಂಕರ್ ಬರುತ್ತಿತ್ತು. ಅದು ತುಂಬಿಸಿ ದೂರ ಹೋಗುವ ತನಕ ಸಿ-ಸ್ಟೋಫ್ ಟ್ಯಾಂಕರ್ ಹತ್ತಿರ ಸುಳಿಯುವಂತಿರಲಿಲ್ಲ. ನಡುವೆ ವಿಮಾನಕ್ಕೂ ನೆಲಕ್ಕೂ ಧಾರಾಳವಾಗಿ ನೀರು ಹೊಯ್ದು ತೊಳೆಯಬೇಕು. ಕಬ್ಬಿಣ ಸೋಕಿದರೆ ಪೆರಾಕ್ಸೈಡ್ ಒಡೆಯತೊಡಗುತ್ತದೆ, ಹಾಗಾಗಿ ಅದಕ್ಕೆ ಅಲ್ಯೂಮಿನಿಯಂ ಪಾತ್ರೆ. ಸಿ-ಸ್ಟೋಫ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಹಾಗಾಗಿ ಅದಕ್ಕೆ ಗಾಜು ಅಥವಾ ಎನಾಮಲ್. ಒಂದರ ಪಾತ್ರೆ ಇನ್ನೊಂದಕ್ಕೆ ಆಗದು, ಒಂದರ ಹೋಸ್ ಇನ್ನೊಂದಕ್ಕೆ ತಾಗಬಾರದು. ಎರಡೂ ನೋಡಲು ಹೆಚ್ಚುಕಮ್ಮಿ ನೀರಿನ ಹಾಗೇ ಇರುತ್ತವೆ. ಚಳಿಯಲ್ಲಿ, ಬಾಂಬರ್ ಬರುವ ಸೈರನ್ನಿನ ಆತುರದಲ್ಲಿ, ಇದನ್ನು ದಿನಾ ಮಾಡಿದ ಮೆಕ್ಯಾನಿಕ್ಕುಗಳ ಕೈಕೆಲಸವೇ ಈ ವಿಮಾನದ ಅರ್ಧ ಚರಿತ್ರೆ. ನಾನು ಹಾರಿಸಿದ ಯಾವ ಸಿಮ್ಯುಲೇಟರಿನಲ್ಲೂ ಅವರಿಗೆ ಜಾಗವಿಲ್ಲ. ಹೈಡ್ರಜೀನ್ ಕುಟುಂಬದ ಇಂಧನ ಇವತ್ತು ನಮ್ಮ ಇಸ್ರೋದ ವಿಕಾಸ್ ಎಂಜಿನ್ನಿನಲ್ಲೂ ಉರಿಯುತ್ತದೆ, ಯುಎಚ್-25 ಎಂಬ ಹೆಸರಿನಲ್ಲಿ, ಅದರ ಕಾಲು ಭಾಗ ಇದೇ ಹೈಡ್ರಜೀನ್ ಹೈಡ್ರೇಟ್. ಅದನ್ನು ತುಂಬಿಸುವವರ ಎಚ್ಚರ ಎಂಥದ್ದೆಂದು ಪಾಠ ಮಾಡುವಾಗ ಹೇಳುತ್ತಿದ್ದೆ. ಆ ಎಚ್ಚರಕ್ಕೆ ಹಿಂದೆ ಎಷ್ಟು ಜನ ಬೆಲೆ ಕೊಟ್ಟಿದ್ದರೆಂಬುದು ಆಗ ನನ್ನ ಪಾಠದಲ್ಲಿ ಇರಲಿಲ್ಲ.

ಪೈಲಟ್ ತೊಡುತ್ತಿದ್ದದ್ದು ಅಸ್ಬೆಸ್ಟಾಸ್ ಮತ್ತು ಕೃತಕ ನೂಲಿನ ಉಡುಪು. ಅವನ ಊಟದಲ್ಲಿ ಹೊಟ್ಟೆಯುಬ್ಬರಿಸುವ ಪದಾರ್ಥ ಇರುತ್ತಿರಲಿಲ್ಲ. ಒತ್ತಡ ಕಾಯುವ ಕಾಕ್‌ಪಿಟ್ ಅಲ್ಲ ಅದು. ಮೂರೂವರೆ ನಿಮಿಷದಲ್ಲಿ 12,000 ಮೀಟರ್ ಏರಿದರೆ ಕರುಳಿನಲ್ಲಿದ್ದ ಗಾಳಿ ಹಿಗ್ಗಿ ಮನುಷ್ಯ ನೋವಿನಿಂದ ಮುದುಡಿಬಿಡುತ್ತಾನೆ. ವಿಮಾನಕ್ಕೆ ತನ್ನದೇ ಮುಖ್ಯ ಚಕ್ರಗಳಿಲ್ಲ. ಎರಡು ಗಾಲಿಯ ಒಂದು ಬಂಡಿಯ ಮೇಲೆ ಕೂತು ಓಡಿ, ನೆಲ ಬಿಟ್ಟು ಐದಾರು ಮೀಟರ್ ಏರುತ್ತಲೇ ಬಂಡಿಯನ್ನು ಕಳಚಿ ಬೀಳಿಸಬೇಕು. ಬೇಗ ಕಳಚಿದರೆ ಅದು ಪುಟಿದು ವಿಮಾನದ ಹೊಟ್ಟೆಗೇ ಬಡಿಯುತ್ತದೆ. 1943ರ ಡಿಸೆಂಬರ್ 30ರಂದು ಬಾಟ್ ತ್ಸ್ವಿಷೆನಾನ್‌ನಲ್ಲಿ ಪೈಲಟ್ ಯೋಸೆಫ್ ಪೋಸ್ ಸತ್ತದ್ದು ಹಾಗೆ. ಕಳಚಿಕೊಳ್ಳದೆ ಉಳಿದರೆ ಅದು ಇನ್ನೊಂದು ಆಪತ್ತು. 1942ರ ಅಕ್ಟೋಬರಿನಲ್ಲಿ ಪರೀಕ್ಷಾ ಪೈಲಟ್ ಹಾನ್ನಾ ರೈಟ್ಷ್ ಬರಿ ಗ್ಲೈಡರಾಗಿ ಹಾರಿಸುತ್ತಿದ್ದಾಗಲೇ ಬಂಡಿ ಸಿಕ್ಕಿಕೊಂಡು, ಇಳಿಯುವಾಗ ಅಪ್ಪಳಿಸಿ, ತಲೆಬುರುಡೆ ಒಡೆದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಳು.

ಎಂಜಿನ್ನಿನ ವಿಷಯದಲ್ಲಿ ಒಂದು ಮಾತು ವಿವರವಾಗಿ ಹೇಳಲೇಬೇಕು. ಇದು ಆಟಗಾರರಿಗೆ ಅತಿ ಪ್ರಿಯವಾದ ತಂತ್ರಕ್ಕೆ ಸಂಬಂಧಿಸಿದ್ದು. ವಾರ್ ಥಂಡರಿನಲ್ಲಿ ಕೋಮೆಟ್ ಹಾರಿಸುವವರು ಥ್ರಾಟಲ್ಲನ್ನು ಶೇಕಡವಾರು ಏರಿಸಿ ಇಳಿಸಿ, ಬೇಕಾದಾಗ ಒಂಚೂರು ಉರಿಸಿ, ಮತ್ತೆ ತೇಲಿ, ಇಂಧನ ಉಳಿಸಿಕೊಂಡು ಬಹಳ ಹೊತ್ತು ಹೋರಾಡುತ್ತಾರೆ. ನಿಜವಾದ ವಾಲ್ಟರ್ ಎಂಜಿನ್ನಿನ ಸನ್ನೆಯಲ್ಲಿ ನುಣುಪಾದ ಶೇಕಡವಾರು ಇರಲಿಲ್ಲ. ನಿಲುಗಡೆ, ಐಡಲ್, ಆಮೇಲೆ ಒಂದು, ಎರಡು, ಮೂರು ಎಂಬ ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲಿನಲ್ಲಿ ಉರಿಸಿದರೆ ಉಳಿತಾಯವಾಗುತ್ತಿರಲಿಲ್ಲ, ನೂಕುಬಲದ ಲೆಕ್ಕದಲ್ಲಿ ನೋಡಿದರೆ ಹೆಚ್ಚು ಪೋಲಾಗುತ್ತಿತ್ತು. ದಹನ ಕೋಣೆಯ ಒತ್ತಡ ಇಳಿದರೆ ಅದೇ ಇಂಧನದಿಂದ ಸಿಗುವ ಕೆಲಸ ಕಡಿಮೆ. ರಾಕೆಟ್ಟಿನ ಮೂಲಪಾಠ ಇದು. ಹಾಗಾಗಿಯೇ ವಾಲ್ಟರ್ ತಂಡ ಮುಂದಿನ ಮಾದರಿಗಳಿಗೆ ನಿಧಾನದ ಹಾರಾಟಕ್ಕೆಂದೇ ಎರಡನೆಯ ಪುಟ್ಟ ದಹನ ಕೋಣೆಯನ್ನು ಕೂಡಿಸಿತು. ಯುದ್ಧಕ್ಕೆ ಹೋದ ಕೋಮೆಟ್ಟುಗಳಲ್ಲಿ ಅದಿರಲಿಲ್ಲ. ಆ ಹುಡುಗರ ಯುದ್ಧ ಸರಳ: ಪೂರ್ತಿ ಉರಿಸು, ಏರು, ಒಂದೆರಡು ಸಲ ಎರಗು, ಬರಿದಾದ ಮೇಲೆ ತೇಲುತ್ತ ಮನೆಗೆ ಬಾ.

ಎರಗುವುದನ್ನು ಮಾತ್ರ ಸಿಮ್ಯುಲೇಟರುಗಳು ಅಚ್ಚುಕಟ್ಟಾಗಿ ಹಿಡಿದಿವೆ, ಅದನ್ನು ಮನಸಾರೆ ಮೆಚ್ಚುತ್ತೇನೆ. ಬಾಂಬರಿಗಿಂತ ಗಂಟೆಗೆ 500 ಕಿಲೋಮೀಟರ್ ಹೆಚ್ಚಿನ ವೇಗದಲ್ಲಿ ಹಿಂದಿನಿಂದ ಬರುತ್ತಿದ್ದೀರಿ ಎನ್ನಿ. ಸೆಕೆಂಡಿಗೆ ಸುಮಾರು 140 ಮೀಟರ್. 30 ಮಿಲಿಮೀಟರಿನ ಎಂಕೆ 108 ತೋಪಿನ ಗುಂಡು ನಿಧಾನದ್ದು, 600 ಮೀಟರಿನಾಚೆ ಹೊಡೆದು ಪ್ರಯೋಜನವಿಲ್ಲ; 200 ಮೀಟರಿಗೆ ಬಂದಾಗ ತಿರುಗದಿದ್ದರೆ ಡಿಕ್ಕಿ. ನಡುವೆ ಸಿಗುವುದು ಮೂರು ಸೆಕೆಂಡಿಗೂ ಕಡಿಮೆ. ಎರಡು ತೋಪು, ಒಂದೊಂದಕ್ಕೆ 60 ಗುಂಡು, ಸೆಕೆಂಡಿಗೆ ಹತ್ತರಂತೆ ಒಟ್ಟು ಆರು ಸೆಕೆಂಡಿನ ಸರಕು. ಪರದೆಯ ಮುಂದೆ ಕೂತು ಈ ಮೂರು ಸೆಕೆಂಡನ್ನು ಕಳೆದುಕೊಂಡವರಿಗೆ, 370ರಷ್ಟು ಕೋಮೆಟ್ ಕಟ್ಟಿದರೂ ಅವು ಬೀಳಿಸಿದ ವಿಮಾನಗಳ ಲೆಕ್ಕ ಒಂಬತ್ತರ ಆಸುಪಾಸಿನಲ್ಲೇ ಏಕೆ ನಿಂತಿತೆಂದು ಬೇರೆ ವಿವರಿಸಬೇಕಿಲ್ಲ. ಜರ್ಮನರು ಈ ಸಮಸ್ಯೆಗೆ ಮಾಡಿದ ಮದ್ದೂ ವಿಚಿತ್ರವಾದದ್ದು. ರೆಕ್ಕೆಯಲ್ಲಿ ಮೇಲ್ಮುಖವಾಗಿ ನಳಿಗೆಗಳನ್ನು ನೆಟ್ಟು, ಬಾಂಬರಿನ ನೆರಳು ಮೇಲೆ ಹಾಯ್ದ ಕೂಡಲೇ ಫೋಟೋಸೆಲ್ ತಾನಾಗಿ ಹೊಡೆಯುವ ಏರ್ಪಾಡು. 1945ರ ಏಪ್ರಿಲ್ 10ರಂದು ಫ್ರಿಟ್ಸ್ ಕೆಲ್ಬ್ ಅದರಿಂದ ಒಂದು ಲ್ಯಾಂಕ್ಯಾಸ್ಟರ್ ಬಾಂಬರನ್ನು ಹೊಡೆದ. ಯುದ್ಧ ಮುಗಿಯಲು ಒಂದು ತಿಂಗಳೂ ಉಳಿದಿರಲಿಲ್ಲ.

ಇನ್ನು ಇಳಿಯುವುದು. ಲೈಪ್‌ಜಿಗ್ ಹತ್ತಿರದ ಬ್ರಾಂಡಿಸ್ ಹಾರುದಾಣದಿಂದ ಏರುತ್ತಿದ್ದ 400ನೆಯ ಫೈಟರ್ ದಳದ ಕೆಲಸ ಲಾಯ್ನಾದ ಕೃತಕ ಪೆಟ್ರೋಲ್ ಕಾರ್ಖಾನೆಯನ್ನು ಕಾಯುವುದು. 1944ರ ಜುಲೈ 28ರಂದು ಅಮೆರಿಕದ ಬಾಂಬರುಗಳು ಕೋಮೆಟ್ಟುಗಳನ್ನು ಮೊದಲು ಕಂಡು ಬೆಚ್ಚಿದವು. ಮೂರು ವಾರ ಕಳೆಯುವುದರೊಳಗೆ, ಆಗಸ್ಟ್ 16ರಂದು, ಜಾನ್ ಮರ್ಫಿ ಎಂಬ ಮಸ್ಟಾಂಗ್ ಫೈಟರಿನ ಪೈಲಟ್ ಒಂದನ್ನು ಬೀಳಿಸಿದ. ಇಂಧನ ಮುಗಿದ ಕೋಮೆಟ್ ಒಳ್ಳೆಯ ಗ್ಲೈಡರ್, ಅಷ್ಟೇ. ಇಳಿಯಲು ಒಂದೇ ಅವಕಾಶ, ತಪ್ಪಿದರೆ ಮತ್ತೊಂದು ಸುತ್ತು ಹಾಕಲು ಶಕ್ತಿಯಿಲ್ಲ. ಪೈಲಟ್ಟುಗಳು ರೆಕ್ಕೆ ಮೊಟಕುಗೊಳಿಸಿದ ಹಾಬಿಷ್ಟ್ ಗ್ಲೈಡರುಗಳಲ್ಲಿ ಈ ಒಂದು ಅವಕಾಶಕ್ಕಾಗಿಯೇ ಮೈ ಬಗ್ಗಿಸಿ ಕಲಿಯುತ್ತಿದ್ದರು. ಹೊಟ್ಟೆಯಡಿಯ ಜಾರುಪಟ್ಟಿಯ ಮೇಲೆ ಹುಲ್ಲುಗಾವಲಿನಲ್ಲಿ ಇಳಿಯಬೇಕು. ನೆಲ ಗಡುಸಾಗಿದ್ದರೆ, ಪಟ್ಟಿ ಸರಿಯಾಗಿ ಇಳಿಯದಿದ್ದರೆ, ಹೊಡೆತವೆಲ್ಲ ಬೆನ್ನುಹುರಿಗೆ. ಡಿಟ್‌ಮಾರನೇ ಹಾಗೆ ಬೆನ್ನು ಮುರಿದುಕೊಂಡು ವರ್ಷಗಟ್ಟಲೆ ಮಲಗಿದ. ಟ್ಯಾಂಕಿನಲ್ಲೋ ಕೊಳವೆಯಲ್ಲೋ ಸ್ವಲ್ಪ ಟಿ-ಸ್ಟೋಫ್, ಸ್ವಲ್ಪ ಸಿ-ಸ್ಟೋಫ್ ಉಳಿದಿದ್ದರೆ ಆ ಕುಲುಕಾಟದಲ್ಲಿ ಅವೆರಡೂ ಒಂದಾಗಬಹುದು. ಗಟ್ಟಿಯಾಗಿ ಇಳಿದು ನಿಂತ ವಿಮಾನಗಳು ಹೀಗೆ ಸಿಡಿದವು. ನಿಂತಮೇಲೂ ಕೋಮೆಟ್ ತಾನಾಗಿ ಸರಿಯಲಾರದು, ಟ್ರ್ಯಾಕ್ಟರ್ ಬಂದು ಎತ್ತಿಕೊಂಡು ಹೋಗುವ ತನಕ ಮೈದಾನದ ನಡುವೆ ಬಿದ್ದಿರಬೇಕು. ನಾನು ಆನ್‌ಲೈನಿನಲ್ಲಿ ಕಂಡ ಪಂದ್ಯಗಳಲ್ಲಿ ಬಹಳಷ್ಟು ಕೋಮೆಟ್ಟುಗಳು ಇಳಿಯುವುದೇ ಇಲ್ಲ. ಗುಂಡು ಮುಗಿದ ಮೇಲೆ ಆಟಗಾರನಿಗೆ ಅದರಿಂದ ಆಗಬೇಕಾದದ್ದು ಏನೂ ಇರುವುದಿಲ್ಲ.

ರಷ್ಯಾ, ಜಪಾನುಗಳ ವಿಮಾನಗಳಿಗೆ ಬಂದಾಗ ನನ್ನ ತಕರಾರು ಬೇರೆಯದು. ಬಿಐ-1 ಮಾಸ್ಕೋ ಬಳಿ ಹುಟ್ಟಿ, ಜರ್ಮನ್ ಸೇನೆ ಹತ್ತಿರ ಬಂದಾಗ ಯುರಾಲ್ ಬೆಟ್ಟಗಳ ಬಿಲಿಂಬಾಯಿಗೆ ಎತ್ತಂಗಡಿಯಾದ ಪ್ಲೈವುಡ್ ವಿಮಾನ. ಬೆರೆಜ್ನ್ಯಾಕ್, ಇಸಾಯೆವ್ ಅದರ ಕರ್ತೃಗಳು. ಉರಿಯುತ್ತಿದ್ದದ್ದು ಸೀಮೆಎಣ್ಣೆ ಮತ್ತು ನೈಟ್ರಿಕ್ ಆಮ್ಲ. ಆಮ್ಲ ಟ್ಯಾಂಕನ್ನೂ ಕೊಳವೆಯನ್ನೂ ಒಳಗಿನಿಂದಲೇ ತಿನ್ನುತ್ತಿತ್ತು. 1942ರ ಮೇ 15ರಂದು ಗ್ರಿಗೋರಿ ಬಖ್‌ಚಿವಾಂಜಿ ಅದನ್ನು ಮೊದಲು ರಾಕೆಟ್ಟಿನಲ್ಲಿ ಹಾರಿಸಿದ. 1943ರ ಮಾರ್ಚ್ 27ರಂದು ವೇಗದ ಪರೀಕ್ಷೆಯಲ್ಲಿ ವಿಮಾನ ಮೂಗು ಕೆಳಗೆ ಮಾಡಿ ನೆಲಕ್ಕೆ ನುಗ್ಗಿತು, ಅವನು ಉಳಿಯಲಿಲ್ಲ. ಡಿಟ್‌ಮಾರನನ್ನು ಪೀನೆಮುಂಡೆಯಲ್ಲಿ ಹಿಡಿದದ್ದೇ ಇಲ್ಲಿ ಇವನನ್ನು ಕೊಂದಿತು. ಬಿಐ ಯುದ್ಧ ಕಾಣಲೇ ಇಲ್ಲ.

ಜಪಾನಿನದು ಇನ್ನೂ ಸಂಕಟದ ಕತೆ. ಕೋಮೆಟ್ಟಿನ ಕಾಗದಪತ್ರ ಹೊತ್ತು ಬರುತ್ತಿದ್ದ ಐ-29 ಜಲಾಂತರ್ಗಾಮಿ 1944ರ ಜುಲೈ 26ರಂದು ಮುಳುಗಿತು. ಅದರಲ್ಲಿ ಬಂದಿದ್ದ ಇವಾಯಾ ಎಂಬ ಅಧಿಕಾರಿ ಸಿಂಗಪುರದಲ್ಲೇ ಇಳಿದು, ಕೈಗೆ ಸಿಕ್ಕಷ್ಟು ದಾಖಲೆ ಹಿಡಿದು ವಿಮಾನದಲ್ಲಿ ಹೋಗಿದ್ದರಿಂದ ಅಷ್ಟಾದರೂ ಟೋಕಿಯೋ ತಲುಪಿತು. ಅದರ ಆಧಾರದ ಮೇಲೆ ಕಟ್ಟಿದ ಷೂಸುಯ್ ಎಂಬ ವಿಮಾನ 1945ರ ಜುಲೈ 7ರಂದು ಯೊಕೊಸುಕಾದಲ್ಲಿ ಪೈಲಟ್ ಇನುಜುಕಾ ಟೊಯೊಹಿಕೊನನ್ನು ಹೊತ್ತು ಏರಿತು. ಮೊದಲ ಹಾರಾಟವೆಂದು ಟ್ಯಾಂಕನ್ನು ಪೂರ್ತಿ ತುಂಬಿರಲಿಲ್ಲ. ಕಡಿದಾಗಿ ಏರುವಾಗ ಇದ್ದ ದ್ರವವೆಲ್ಲ ಟ್ಯಾಂಕಿನ ಹಿಂಬದಿಗೆ ಸರಿಯಿತು, ಕೊಳವೆಯ ಬಾಯಿಗೆ ಸಿಕ್ಕದ್ದು ಗಾಳಿ, ಎಂಜಿನ್ ನಿಂತಿತು. ತೇಲಿಸಿ ತರಲು ಹೋಗಿ ಕಟ್ಟಡವೊಂದಕ್ಕೆ ರೆಕ್ಕೆ ತಾಗಿ ಬಿದ್ದ, ಮರುದಿನ ಸತ್ತ. ಷೂಸುಯ್ ರಾಕೆಟ್ಟಿನಲ್ಲಿ ಹಾರಿದ್ದು ಅದೊಂದೇ ಸಲ.

ಅದೇ ವಿಮಾನ ಸೇನೆಯ ಕಿ-200 ಎಂಬ ಹೆಸರಿನಲ್ಲಿ ವಾರ್ ಥಂಡರಿನಲ್ಲಿ ಯುದ್ಧದ ನಂತರದ ಜೆಟ್ಟುಗಳ ಎದುರು ನಿಲ್ಲುತ್ತದೆ. ಕಲ್ಪನೆಯ ಯುದ್ಧ ಕಟ್ಟುವುದು ಆಟದ ಹಕ್ಕು, ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಐಎಲ್-2ರಂಥ ಆಟದಲ್ಲಿ ಹಾರುವ ಮೊದಲು ಟ್ಯಾಂಕಿನಲ್ಲಿ ಎಷ್ಟು ಇಂಧನವಿರಲಿ ಎಂದು ಕೇಳುವ ಪುಟವೊಂದಿದೆ, ಕಡಿಮೆ ಆರಿಸಿದರೆ ವಿಮಾನ ಹಗುರವಾಗಿ ಚೆನ್ನಾಗಿ ಏರುತ್ತದೆ. ಆಟಗಾರನಿಗೆ ಲಾಭವಾಗುವ ಆ ಆಯ್ಕೆಯೇ ಇನುಜುಕಾನ ಜೀವ ತೆಗೆದದ್ದು.

ಅಮೆರಿಕದ ಡೇಟನ್ ನಗರದ ವಾಯುಸೇನಾ ಮ್ಯೂಸಿಯಮ್ಮಿನಲ್ಲಿ 191095 ಸಂಖ್ಯೆಯ ಕೋಮೆಟ್ ಇದೆ. ಅದನ್ನು ಕೆನಡಾದಲ್ಲಿ ದುರಸ್ತಿ ಮಾಡುವಾಗ ಇಂಧನ ಟ್ಯಾಂಕಿಗೂ ಅದನ್ನು ಹಿಡಿದ ಪಟ್ಟಿಗೂ ನಡುವೆ ತುರುಕಿದ್ದ ಒಂದು ಸಣ್ಣ ಕಲ್ಲು ಸಿಕ್ಕಿತು. ಅಲುಗಾಟಕ್ಕೆ ಉಜ್ಜಿ ಉಜ್ಜಿ ಟ್ಯಾಂಕಿಗೆ ತೂತು ಬೀಳಲಿ ಎಂದು ಇಟ್ಟದ್ದು. ರೆಕ್ಕೆಯ ಅಂಟಿನಲ್ಲಿ ಕಲಬೆರಕೆ. ಹೊದಿಕೆಯ ಒಳಮೈಯಲ್ಲಿ ಫ್ರೆಂಚಿನಲ್ಲಿ ಕಾರ್ಖಾನೆ ಮುಚ್ಚಿದೆ ಎಂಬ ಬರಹ. ಬಲವಂತದ ದುಡಿಮೆಗೆ ತಂದ ಫ್ರೆಂಚ್ ಕೆಲಸಗಾರರ ಕೈ ಅದು ಎಂದು ಮ್ಯೂಸಿಯಂ ಹೇಳುತ್ತದೆ. ಕೆಲವು ಸಿಮ್ಯುಲೇಟರುಗಳಲ್ಲಿ ಯಂತ್ರ ಯಾವಾಗಲೋ ತಾನಾಗಿ ಕೆಡುವ ಹಾಗೆ ಹೊಂದಿಸಬಹುದು, ಪಗಡೆ ಉರುಳಿಸಿದಂತೆ ಕಂಪ್ಯೂಟರ್ ಒಂದು ಅಂಕಿ ಎಸೆಯುತ್ತದೆ. ಕೋಮೆಟ್ಟುಗಳು ಕೆಟ್ಟದ್ದರಲ್ಲಿ ಒಂದಿಷ್ಟಾದರೂ ಹಾಗೆ ತಾನಾಗಿ ಕೆಟ್ಟದ್ದಲ್ಲ. ಆ ಕಲ್ಲನ್ನಿಟ್ಟವನು ಸಿಕ್ಕಿಬಿದ್ದಿದ್ದರೆ ಅವನಿಗೆ ಸಾವೇ ಕಾದಿತ್ತು. ಕೋಮೆಟ್ ವಿರುದ್ಧ ಹೋರಾಡಿದವರ ಪಟ್ಟಿ ಮಾಡುವುದಾದರೆ ನಾನು ಅವನ ಹೆಸರಿಗೆ ಮಸ್ಟಾಂಗಿನವರಿಗಿಂತ ಮೇಲೆ ಜಾಗ ಬಿಡುತ್ತೇನೆ.

ಇದನ್ನೆಲ್ಲ ಹೇಳಿದರೆ ತಂಗಿಯ ಮಗ, "ದೊಡ್ಡಮ್ಮ, ಇದು ಹಾರೋ ಆಟ. ಟ್ಯಾಂಕರ್ ತೊಳಿಯೋದನ್ನ ಯಾರು ಆಡ್ತಾರೆ?" ಅಂತಾನೆ. ಅವನೇ ಡಿಸಿಎಸ್ ಎಂಬ ಸಿಮ್ಯುಲೇಟರಿನಲ್ಲಿ ತಣ್ಣಗಿರುವ ವಿಮಾನದ ಸ್ವಿಚ್ಚುಗಳನ್ನು ಪಟ್ಟಿ ಹಿಡಿದು ಒಂದೊಂದಾಗಿ ಒತ್ತುತ್ತ ಎಂಜಿನ್ ಚಾಲೂ ಮಾಡುವುದರಲ್ಲಿ ಎಷ್ಟು ತಲ್ಲೀನನಾಗಿರುತ್ತಾನೆಂದು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅಂಥ ಆಟಗಾರರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಮುಂದೆ ಕೋಮೆಟ್ಟನ್ನು ಕಟ್ಟುವವರು ಬ್ರಾಂಡಿಸ್‌ನ ಕಾಂಕ್ರೀಟಿನಿಂದಲೇ ಶುರುಮಾಡಲಿ. ಮೊದಲ ಟ್ಯಾಂಕರ್ ಬರಲಿ, ನೀರು ಹೊಯ್ಯಲಿ, ಎರಡನೆಯದು ಬರಲಿ; ಸನ್ನೆಗೆ ಮೂರೇ ಮೆಟ್ಟಿಲಿರಲಿ; ಅರ್ಧ ತುಂಬಿದ ಟ್ಯಾಂಕಿನಲ್ಲಿ ದ್ರವ ಹಿಂದಕ್ಕೆ ಸರಿಯಲಿ. ಬಾಂಬರನ್ನು ಹೊಡೆದವನಿಗೆ ಅಂಕ ಆಗಲೇ ಸಿಗದಿರಲಿ. ಹುಲ್ಲಿನ ಮೇಲೆ ಇಳಿದು, ಜಾರಿ ನಿಂತು, ಟ್ಯಾಂಕಿನಲ್ಲಿ ಉಳಿದದ್ದು ಸಿಡಿಯದೆ, ಟ್ರ್ಯಾಕ್ಟರ್ ಬಂದು ವಿಮಾನದಡಿಗೆ ತೋಳು ಚಾಚಿದ ಮೇಲೆ ಸಿಗಲಿ.